ಖಾಲಿ ಇರಬೇಕಾದ ಎತ್ತರ

ಕೆರೆಯ ಏರಿ ಅದರ ಕೋಡಿಗಿಂತ ಎತ್ತರವಾಗಿರುತ್ತದೆ. ಆ ಎರಡರ ನಡುವಿನ ಎತ್ತರ ಯಾವಾಗಲೂ ಖಾಲಿ ಇರಬೇಕು. ಅದನ್ನು ಯಾರೂ, ಎಷ್ಟೇ ಒಳ್ಳೆಯ ಕಾರಣಕ್ಕಾದರೂ, ತುಂಬಬಾರದು.

ಹೈಡ್ರಾಲಿಕ್ಸ್ ಕೋರ್ಸಿನ ಮೊದಲ ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಇಷ್ಟೇ. ಬರೆದು, ಒಂದು ಊರಿನ ಮಳೆ, ಹಳ್ಳ, ಜಮೀನು ಎಲ್ಲದರ ವಿವರ ಕೊಟ್ಟು, ಆ ಊರಿಗೆ ಒಂದು ಕೆರೆಯ ನಕ್ಷೆ ಮಾಡಿ ತನ್ನಿ ಎಂದರು. ಮುಂದಿನ ವಾರ ನಕ್ಷೆಗಳು ಬಂದವು. ಒಂದರಲ್ಲೂ ಆ ಎತ್ತರ ಇರಬೇಕಾದಷ್ಟು ಇರಲಿಲ್ಲ. ಎಲ್ಲರೂ ಕೋಡಿಯನ್ನು ಒಂದಿಷ್ಟು ಮೇಲಕ್ಕೆತ್ತಿ ಹೆಚ್ಚು ನೀರು ಹಿಡಿದಿದ್ದರು. ಮೇಷ್ಟ್ರು ಎಲ್ಲ ನಕ್ಷೆಗಳ ಮೇಲೂ ಸೊನ್ನೆ ಬರೆದು ಹಿಂದಿರುಗಿಸಿದರು.

ತರಗತಿ ಗೊಣಗಿತು. ಎದ್ದು ನಿಂತು ಕೇಳಿದವಳು ದಾಕ್ಷಾಯಣಿ ಒಬ್ಬಳೇ.

“ಸರ್, ನಾನು ಎತ್ತಿದ್ದು ಒಂದೇ ಗೇಣು. ಅದೂ ಸುಮ್ಮನೆ ಅಲ್ಲ. ನೀವು ಕೊಟ್ಟ ವಿವರದ ಪ್ರಕಾರ ಕಾಲುವೆಯ ಕೊನೆಯಲ್ಲಿರೋ ಗದ್ದೆಗಳಿಗೆ ತೆನೆ ಕಟ್ಟೋ ಹೊತ್ತಲ್ಲಿ ನೀರು ಸಾಲೋದಿಲ್ಲ. ಆ ಒಂದು ಗೇಣು ಹಿಡಿದರೆ ಸಾಲುತ್ತೆ. ಅದು ಖಾಲಿ ಬಿದ್ದಿರೋ ಜಾಗ ಸರ್. ಒಳ್ಳೇದಕ್ಕೆ ಬಳಸಿಕೊಂಡರೆ ತಪ್ಪು ಹೇಗಾಗುತ್ತೆ?”

“ನಮ್ಮ ಸೊನ್ನೆಯನ್ನೂ ಒಂದು ಗೇಣು ಎತ್ತಿಬಿಡಿ ಸರ್,” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ತರಗತಿ ನಕ್ಕಿತು.

ಮೇಷ್ಟ್ರು ನಗಲಿಲ್ಲ. ದಾಕ್ಷಾಯಣಿಗೆ ಕೂರಲೂ ಹೇಳಲಿಲ್ಲ. ಪ್ರಶ್ನೆ ಕೇಳಿದವರು ಉತ್ತರ ಮುಗಿಯುವವರೆಗೆ ನಿಂತಿರಬೇಕು ಎನ್ನುವುದು ಅವರ ಪದ್ಧತಿ.

“ಸರಿಯಾದ ಪ್ರಶ್ನೆ,” ಎಂದರು. “ಸೂತ್ರ ನಾಳೆ ಹೇಳುತ್ತೇನೆ. ಇವತ್ತು ಒಂದು ಊರಿನ ಕತೆ ಕೇಳು.”

ಒಂದು ಊರು. ಊರಿನ ಮೇಲುಗಡೆ ಒಂದು ಕೆರೆ. ಕೆರೆಗೆ ಅಡ್ಡಲಾಗಿ ಮಣ್ಣಿನ ಏರಿ. ಏರಿಯ ಒಂದು ತುದಿಯಲ್ಲಿ ಕಲ್ಲಿನ ಕೋಡಿ. ಕಟ್ಟಿದವರು ಯೋಚಿಸಿಯೇ ಏರಿಗೆ ಮಣ್ಣು, ಕೋಡಿಗೆ ಕಲ್ಲು ಬಳಸಿದ್ದರು. ಕಲ್ಲಿನ ಮೇಲೆ ನೀರು ಹರಿದರೆ ಕಲ್ಲು ನೆನೆಯುತ್ತದೆ, ಅಷ್ಟೇ. ಮಣ್ಣಿನ ಮೇಲೆ ಹರಿದರೆ ಮಣ್ಣೂ ನೀರಿನ ಜೊತೆ ಹೊರಟುಬಿಡುತ್ತದೆ. ಆದ್ದರಿಂದ ಕೆರೆ ತುಂಬಿ ಮಿಕ್ಕ ನೀರು ಕೋಡಿಯ ಮೇಲೆ ಮಾತ್ರ ಹರಿಯಬೇಕು. ಹರಿದು, ಕೋಡಿಹಳ್ಳ ಹಿಡಿದು, ಕೆಳಗಿನ ಊರಿನ ಕೆರೆಗೆ ಸೇರಬೇಕು.

ಏರಿಯ ನೆತ್ತಿ ಕೋಡಿಗಿಂತ ಒಬ್ಬ ಮನುಷ್ಯನ ಎದೆಮಟ್ಟದಷ್ಟು ಮೇಲಿತ್ತು. ಸಾಧಾರಣ ಮಳೆಯಲ್ಲಿ ಕೋಡಿಯ ಮೇಲೆ ನೀರು ತೆಳ್ಳಗೆ ಹರಿಯುತ್ತದೆ. ಆಗ ನೋಡಿದವರಿಗೆ ಇಷ್ಟು ಎತ್ತರದ ಏರಿ ದಂಡ ಎನಿಸುತ್ತದೆ. ದೊಡ್ಡ ಮಳೆಯಲ್ಲಿ ಅದೇ ನೀರು ಕೋಡಿಯ ಮೇಲೆ ಸೊಂಟದ ಮಟ್ಟಕ್ಕೆ ಎದ್ದು ಹರಿಯುತ್ತದೆ. ಅಷ್ಟು ಎದ್ದರೂ ಅದು ಏರಿಯ ನೆತ್ತಿಯನ್ನು ಮುಟ್ಟಬಾರದು. ಆ ಊರಿನ ಹಿರಿಯರು ಆ ಖಾಲಿ ಜಾಗಕ್ಕೆ, ಇನ್ನೂ ಬಾರದ ಮಳೆಯ ಪಾಲು ಎನ್ನುತ್ತಿದ್ದರು. ನಮ್ಮ ಪುಸ್ತಕದಲ್ಲಿ ಅದಕ್ಕೆ ಫ್ರೀಬೋರ್ಡ್ ಎಂದು ಹೆಸರು. ಹಿರಿಯರ ಹೆಸರೇ ಹೆಚ್ಚು ಖಚಿತ.

ಆ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು, ಏರಿಯ ಮೇಲೆ ಗಿಡ ಹುಟ್ಟಿದರೆ ಕೀಳುವುದು ಅವನ ಕೆಲಸ. ಕೋಡಿಯ ಮೇಲೆ ಯಾರೂ ಏನನ್ನೂ ಇಡದಂತೆ ನೋಡಿಕೊಳ್ಳುವುದೂ ಅವನದೇ. ಅವನಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಪ್ರತಿಯೊಬ್ಬ ರೈತನೂ ಅವನ ಪಾಲನ್ನು ಅಳೆದು ಹಾಕುತ್ತಿದ್ದ. ಯಾರನ್ನು ತಡೆಯಬೇಕೋ ಅವರ ಕಣದಿಂದಲೇ ಅವನ ಅನ್ನ ಬರುತ್ತಿತ್ತು. ಇದನ್ನು ನೆನಪಿನಲ್ಲಿಟ್ಟುಕೊಂಡು ಅವನ ಬಗ್ಗೆ ತೀರ್ಮಾನ ಮಾಡಿ.

ಕೆರೆ ತುಂಬಿ ಕೋಡಿ ಬಿದ್ದ ದಿನ ಹೆಂಗಸರು ಬಾಗಿನ ತಂದು ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದರು. ಪೂಜೆ ಮುಗಿದ ಮೇಲೆ ಗಂಡಸರು ಕೋಡಿಯ ಪಕ್ಕ ಕೂತು ಹರಿಯುವ ನೀರನ್ನು ನೋಡುತ್ತಿದ್ದರು. ಕೆರೆ ತುಂಬಿತಲ್ಲ ಎಂಬ ಸಂತೋಷ ಒಂದು ಗಳಿಗೆ. ಆಮೇಲೆ, ಇಷ್ಟು ನೀರು ಹೋಗುತ್ತಿದೆಯಲ್ಲ ಎಂಬ ಸಂಕಟ. ಈ ಸಂಕಟ ದುರಾಸೆಯಲ್ಲ. ಬೇಸಿಗೆಯನ್ನು ಕಂಡವನಿಗೆ ನೀರು ಹೋಗುವುದನ್ನು ನೋಡಲು ಆಗುವುದಿಲ್ಲ.

ಮೊದಲು ಬಂದವನು ಒಬ್ಬ ರೈತ. ಕಾಲುವೆಯ ಕಟ್ಟಕಡೆಯ ಗದ್ದೆ ಅವನದು.

“ಅಣ್ಣ,” ಎಂದ ನೀರುಗಂಟಿಗೆ. “ಎಲ್ಲರ ಗದ್ದೆ ಕುಡಿದು ಬಿಟ್ಟ ಎಂಜಲು ನಂದು. ತೆನೆ ಕಟ್ಟೋ ಹೊತ್ತಿಗೆ ಅದೂ ಬರಲ್ಲ. ಕೋಡಿ ಮೇಲೆ ಒಂದೇ ಒಂದು ಸಾಲು ಕಲ್ಲು ಇಟ್ಕೊಳ್ಲಾ?”

“ಕೋಡಿ ಮೇಲೆ ಏನೂ ಇಡಬಾರದು ಕಣಪ್ಪ.”

“ಅದು ನಂಗೂ ಗೊತ್ತು. ಇಡ್ಲಾ?”

ನೀರುಗಂಟಿ ಅವನ ಮುಖ ನೋಡಿದ. ಹಿಂದಿನ ಸುಗ್ಗಿಯಲ್ಲಿ ಅರ್ಧ ರಾಶಿ ಜಳ್ಳಾಗಿದ್ದರೂ ನೀರುಗಂಟಿಯ ಪಾಲಿನಲ್ಲಿ ಒಂದು ಹಿಡಿಯನ್ನೂ ಕಡಿಮೆ ಮಾಡದೆ ಅಳೆದವನು ಆ ರೈತ. ನೀರುಗಂಟಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತೂಬಿನ ಹತ್ತಿರ ಏನೋ ಕೆಲಸವಿದೆ ಎಂದು ಹೊರಟುಹೋದ. ರೈತ ಕಲ್ಲು ಇಟ್ಟ. ಆ ವರ್ಷ ಅವನ ಗದ್ದೆ ತೆನೆ ಕಟ್ಟಿತು.

ಎರಡನೆಯವನು ಒಬ್ಬ ಮೀನುಗಾರ. ಕೆರೆಗೆ ಮರಿ ಬಿಟ್ಟು ಸಾಕುವವನು. ಕೋಡಿ ಬಿದ್ದರೆ ಅವನ ಮರಿಗಳು ನೀರಿನ ಜೊತೆ ಕೆಳಗಿನ ಊರಿಗೆ ಹೋಗಿಬಿಡುತ್ತಿದ್ದವು. ಅವನು ರೈತನ ಕಲ್ಲಿನ ಸಾಲಿನ ಮೇಲೆ ಮುಳ್ಳಿನ ಬೇಲಿ ಕಟ್ಟಿದ. ಮುಳ್ಳು ನೀರನ್ನು ತಡೆಯುವುದಿಲ್ಲ, ಮೀನನ್ನು ಮಾತ್ರ ತಡೆಯುತ್ತದೆ ಎಂದ. ಅವನು ಹೇಳಿದ್ದು ಕಟ್ಟಿದ ದಿನದ ಮಟ್ಟಿಗೆ ನಿಜ. ಆಮೇಲೆ ಮುಳ್ಳಿಗೆ ಜೊಂಡು ಸಿಕ್ಕಿತು. ಜೊಂಡಿಗೆ ಹೂಳು ಸಿಕ್ಕಿತು. ಹೂಳಿನ ಮೇಲೆ ಗರಿಕೆ ಹಬ್ಬಿತು. ಬೇಲಿ ತಾನಾಗಿಯೇ ಗೋಡೆಯಾಯಿತು. ಅದನ್ನು ಕಟ್ಟಿದವರು ಯಾರು ಎಂದು ಕೇಳಿದ್ದರೆ, ಯಾರೂ ಕಟ್ಟಲಿಲ್ಲ ಎಂಬುದೇ ಉತ್ತರವಾಗುತ್ತಿತ್ತು.

ಮೂರನೆಯವನು ಒಬ್ಬ ವ್ಯಾಪಾರಿ. ಊರಿನಿಂದ ದೊಡ್ಡ ರಸ್ತೆಗೆ ಹೋಗಬೇಕಾದರೆ ಏರಿಯ ಮೇಲೆ ನಡೆದು ಕೋಡಿಯನ್ನು ದಾಟಬೇಕಿತ್ತು. ಒಂದು ಮಳೆಗಾಲದಲ್ಲಿ ಬಸುರಿ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ಒಯ್ಯುವಾಗ ಕೋಡಿಯ ನೀರಿನಲ್ಲಿ ಗಾಡಿ ನಿಂತುಹೋಯಿತು. ಮಗು ಉಳಿಯಲಿಲ್ಲ. ವ್ಯಾಪಾರಿಗೆ ಆಕೆ ನೆಂಟಳೇನೂ ಅಲ್ಲ. ಆದರೂ ತನ್ನ ಸ್ವಂತ ಖರ್ಚಿನಲ್ಲಿ ಹೂಳಿನ ಮೇಲೆ ಕಲ್ಲು, ಮಣ್ಣು ಸುರಿಸಿ, ಗಾಡಿ ಹೋಗುವಷ್ಟು ದಾರಿ ಮಾಡಿಸಿದ. ಊರು ಅವನನ್ನು ಹರಸಿತು. ನಾನೂ ಅಲ್ಲಿದ್ದಿದ್ದರೆ ಹರಸುತ್ತಿದ್ದೆ.

ದಾರಿಯಾದ ಮೇಲೆ ಒಬ್ಬ ಅಧಿಕಾರಿ ಕೆರೆ ನೋಡಲು ಬಂದ. ದಾರಿಯ ಮೇಲೆ ನಿಂತು ಏರಿಯ ನೆತ್ತಿಗೆ ಇನ್ನೆಷ್ಟು ಉಳಿದಿದೆ ಎಂದು ಅಳೆದ. “ಇನ್ನೂ ಒಂದು ಮೊಳ ಇದೆಯಲ್ಲ, ಪರವಾಗಿಲ್ಲ,” ಎಂದ. ಅಳತೆ ಸರಿಯಾಗಿಯೇ ಇತ್ತು. ಆದರೆ ಉಳಿದದ್ದನ್ನು ಅಳೆದನೇ ಹೊರತು ಹೋದದ್ದನ್ನು ಅಳೆಯಲಿಲ್ಲ. ಮಜ್ಜಿಗೆ ಕುಡಿದು ಜೀಪು ಹತ್ತಿದ.

ಕೆಳಗಿನ ಊರಿನ ಕೆರೆ ವರ್ಷದಿಂದ ವರ್ಷಕ್ಕೆ ಬತ್ತುತ್ತಾ ಬಂತು. ಸಂತೆಯಲ್ಲಿ ಸಿಕ್ಕಾಗ ಆ ಊರಿನವರು, “ಮಳೆರಾಯ ನಿಮ್ಮೂರಿನ ಅಳಿಯ ಆಗ್ಬಿಟ್ನೇನ್ರಪ್ಪ? ಅಲ್ಲಿಗೆ ಬಂದವನು ಮುಂದಕ್ಕೆ ಹೊರಡೋದೇ ಇಲ್ವಲ್ಲ,” ಎಂದು ಚುಚ್ಚುತ್ತಿದ್ದರು. ಮೇಲಿನ ಊರಿನವರು ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದರು.

ಮೇಷ್ಟ್ರು ಒಂದು ಕ್ಷಣ ನಿಲ್ಲಿಸಿದರು. ದಾಕ್ಷಾಯಣಿ ಕೇಳಿದಳು:

“ಇವರಲ್ಲಿ ಕೆಟ್ಟವರು ಯಾರೂ ಇಲ್ಲವಲ್ಲ ಸರ್?”

“ಇಲ್ಲ. ಒಬ್ಬನಾದರೂ ಇದ್ದಿದ್ದರೆ ಕೋಡಿ ಉಳಿಯುತ್ತಿತ್ತು. ಕೆಟ್ಟವನು ಕಲ್ಲು ಇಡಲು ಬಂದರೆ ಊರೆಲ್ಲ ಎದ್ದು ನಿಲ್ಲುತ್ತದೆ. ಪಾಪದವನು ಬಂದರೆ ಜರುಗಿ ದಾರಿ ಬಿಡುತ್ತದೆ.”

ಅವರು ಮುಂದುವರಿಸಿದರು.

ಇನ್ನು ಉಳಿದವಳು ಒಬ್ಬ ಹೆಂಗಸು. ಗಂಡ ಇಲ್ಲ, ಮಕ್ಕಳಿಲ್ಲ. ಕೋಡಿಯ ನೇರ ಕೆಳಗೆ, ಕೋಡಿಹಳ್ಳದ ಎರಡೂ ಮಗ್ಗುಲಿಗೆ ಅವಳ ಜಮೀನು. ಮೊದಲು ಕೋಡಿ ಬಿದ್ದ ವರ್ಷವೆಲ್ಲ ನೀರು ಅವಳ ಜಮೀನಿನ ನಡುವೆಯೇ ಹೋಗುತ್ತಿತ್ತು. ನಡುವಿನ ನೆಲವನ್ನು ನೀರಿಗೆ ಬಿಟ್ಟು, ಅಂಚಿನಲ್ಲಿ ಒಂದಿಷ್ಟು ರಾಗಿ, ಅವರೆ ಬೆಳೆದುಕೊಂಡು ಬದುಕಿದ್ದಳು. ಕೋಡಿ ಎದ್ದ ಮೇಲೆ ಹಳ್ಳ ಒಣಗಿತು. ನೀರು ತಂದು ಹಾಕಿದ್ದ ಮೆಕ್ಕಲು ಮಣ್ಣು ಮಾತ್ರ ಅಲ್ಲಿ ಉಳಿಯಿತು. ಅಂಥ ಮಣ್ಣು ಊರಿನಲ್ಲಿ ಬೇರೆಲ್ಲೂ ಇರಲಿಲ್ಲ.

ಅವಳು ಅಲ್ಲಿ ವೀಳ್ಯದ ಎಲೆತೋಟ ಹಾಕಲು ಹೊರಟಳು. ನೀರುಗಂಟಿ ನೋಡಿ ಹೇಳಿದ:

“ತಾಯಿ, ಇದು ನೀರಿನ ದಾರಿ ಕಣಮ್ಮ.”

“ನೀರು ಈ ದಾರಿ ಮರೆತು ಎಷ್ಟು ವರ್ಷ ಆಯ್ತಣ್ಣ? ಮರೆಸಿದೋರು ಯಾರು?”

ಅವನು ಮತ್ತೆ ತೂಬಿನ ಕಡೆ ಹೊರಟ. ಅವಳು ನೆಟ್ಟಳು.

ಎಲೆತೋಟ ಒಂದು ಬೆಳೆಯ ಮಾತಲ್ಲ. ಮೊದಲು ನುಗ್ಗೆ, ಹಾಲುವಾಣ ನೆಟ್ಟು ಅವು ಮರವಾಗುವವರೆಗೆ ಕಾಯಬೇಕು. ಆಮೇಲೆ ಬುಡಕ್ಕೊಂದು ಬಳ್ಳಿ. ಬಳ್ಳಿ ಏರಿದ ಹಾಗೆಲ್ಲ ಅದನ್ನು ಮರಕ್ಕೆ ಕಟ್ಟುತ್ತಾ ಹೋಗಬೇಕು, ಬಿಗಿಯಾದರೆ ಕತ್ತರಿಸುತ್ತದೆ, ಸಡಿಲವಾದರೆ ಜಾರುತ್ತದೆ. ಬುಡದಲ್ಲಿ ತೇವ ಇರಬೇಕು, ನೀರು ನಿಲ್ಲಬಾರದು. ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಅವಳು ಅದನ್ನು ಒಬ್ಬಳೇ ಮಾಡಿದಳು. ಕೊನೆಗೆ ಊರಿನಲ್ಲಿ ಮದುವೆ, ತೊಟ್ಟಿಲು, ತಿಥಿ ಯಾವುದಕ್ಕೂ ಅವಳ ತೋಟದ ಎಲೆಯೇ ಬೇಕು ಎನ್ನುವ ಹಾಗಾಯಿತು. ಅಲ್ಲಿಯವರೆಗೆ ಯಾರ ಮನೆಯಲ್ಲೂ ಮೊದಲ ಪಂಕ್ತಿಗೆ ಕರೆಯದಿದ್ದವಳನ್ನು ಈಗ ಕರೆದು ಕೂರಿಸುತ್ತಿದ್ದರು. ಆ ತೋಟ ಅವಳಿಗೆ ಬರೀ ಅನ್ನವಾಗಿರಲಿಲ್ಲ.

ಅವಳು ಕೋಡಿಯ ಮೇಲೆ ಒಂದು ಕಲ್ಲನ್ನೂ ಇಡಲಿಲ್ಲ. ಆದರೆ ನೀರು ಹೋಗುವ ಜಾಗದಲ್ಲಿ ಬೇರು ಬಿಟ್ಟಳು. ಆದ್ದರಿಂದ ಅವಳೂ ನಿಯಮ ಮುರಿದವಳೇ. ಇದನ್ನು ನಾನು ಮುಚ್ಚಿಟ್ಟು ಕತೆ ಹೇಳುವುದಿಲ್ಲ.

ಹೀಗೆ ಇರುವಾಗ ಆ ಮಳೆ ಬಂತು.

ಎಲ್ಲರೂ ಕಂಡ ಮಳೆಗಿಂತ ದೊಡ್ಡದು. ಹಿರಿಯರು ಯಾವ ಮಳೆಗೆಂದು ಆ ಎತ್ತರವನ್ನು ಖಾಲಿ ಬಿಟ್ಟಿದ್ದರೋ, ಆ ಮಳೆ. ಬೆಳಗಾಗುವ ಹೊತ್ತಿಗೆ ಕೆರೆಯ ನೀರು ವ್ಯಾಪಾರಿಯ ದಾರಿಯನ್ನು ಮುಟ್ಟಿ, ಅದರ ಮೇಲೆ ತೆಳ್ಳಗೆ ಹರಿಯತೊಡಗಿತ್ತು. ತೋಟದೊಳಗೆ ಕಣಕಾಲಿನವರೆಗೆ ನೀರು. ಅಷ್ಟನ್ನು ಬಳ್ಳಿಗಳು ಹೇಗೋ ತಡೆದುಕೊಂಡಿದ್ದವು. ಆದರೆ ಬರುವ ನೀರಿಗೆ ಆ ತೆಳುವಾದ ಹರಿವು ಎಲ್ಲಿ ಸಾಲಬೇಕು? ಕೆರೆ ಏರುತ್ತಲೇ ಇತ್ತು. ಏರಿಯ ಮೇಲೆ ಗಾಡಿ ಓಡಾಡಿ ಒಂದು ಕಡೆ ನೆತ್ತಿ ಸವೆದಿತ್ತು. ಅಲ್ಲಿ ನೀರಿಗೂ ನೆತ್ತಿಗೂ ನಾಲ್ಕು ಬೆರಳು ಉಳಿದಿತ್ತು. ಗಾಳಿ ಬೀಸಿದಾಗಲೆಲ್ಲ ಅಲೆ ಅದನ್ನು ನೆಕ್ಕಿ ಹೋಗುತ್ತಿತ್ತು.

ಊರು ಏರಿಯ ಕೆಳಗಿತ್ತು. ಮನೆಗಳು, ಕೊಟ್ಟಿಗೆಗಳು, ಶಾಲೆ. ಏರಿಯ ಮೇಲೆ ನಿಂತವರಿಗೆ ತಂತಮ್ಮ ಮನೆಯ ಮಾಡು ಕಾಣುತ್ತಿತ್ತು.

ಎಲ್ಲರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಸವೆದ ಕಡೆ ಸುರಿದರು. ಸುರಿದ ಮಣ್ಣನ್ನು ಮಳೆ ತೊಳೆದುಕೊಂಡು ಹೋಯಿತು. ಮತ್ತೆ ಸುರಿದರು.

“ಮಣ್ಣು ಸಾಕು,” ಎಂದ ನೀರುಗಂಟಿ. “ಕೋಡಿ ಕಡೀಬೇಕು. ಹಳೇ ಕಲ್ಲು ಸಿಗೋವರೆಗೂ ಕಡೀಬೇಕು.”

ಇದು ಎಲ್ಲರಿಗೂ ಗೊತ್ತಿತ್ತು. ಬುಟ್ಟಿಗಳು ನಿಂತವು. ಆದರೆ ಗುದ್ದಲಿ ಹಿಡಿದವರು ಯಾರೂ ಕೋಡಿಯ ಕಡೆ ಹೆಜ್ಜೆ ಇಡಲಿಲ್ಲ.

“ಕಡೀಬಹುದಿತ್ತು,” ಎಂದ ರೈತ. “ಕೆಳಗೆ ಆಯಮ್ಮನ ತೋಟ ಇದೆಯಲ್ಲಪ್ಪ.”

“ಮಕ್ಕಳ ಹಾಗೆ ಸಾಕಿದಾಳೆ ಬಳ್ಳೀನ,” ಎಂದ ಮೀನುಗಾರ. “ಇಷ್ಟು ನೀರು ಒಂದೇ ಸಲ ನುಗ್ಗಿದ್ರೆ ಒಂದು ಬುಡಾನೂ ಉಳಿಯಲ್ಲ.”

“ಒಂಟಿ ಹೆಂಗಸಿನ ಬದುಕು ಕಡಿಯೋ ಪಾಪ ನಂಗೆ ಬೇಡ,” ಎಂದ ವ್ಯಾಪಾರಿ. “ನನ್ನ ಕೈ ಏಳಲ್ಲ.”

“ಮೋಡ ತೆಳ್ಳಗಾಗ್ತಾ ಇದೆ ಕಣ್ರೋ,” ಎಂದು ಇನ್ನೊಬ್ಬ ಹೇಳಿದ. ಎಲ್ಲರೂ ತಲೆಯೆತ್ತಿ ಮೋಡ ನೋಡಿದರು. ತೆಳ್ಳಗಾಗಿರಲಿಲ್ಲ. ಆದರೂ ಸ್ವಲ್ಪ ಹೊತ್ತು ನೋಡಿದರು.

ಇದು ನಾಟಕದ ಕನಿಕರವಲ್ಲ. ಅವರು ನಿಜವಾಗಿಯೂ ಮರುಗಿದ್ದರು. ವ್ಯಾಪಾರಿಯ ಕಣ್ಣಿನಲ್ಲಿ ನೀರಿತ್ತು. ಆದರೆ ಕೋಡಿ ಕಡಿದರೆ ರೈತನ ಕೊನೆಯ ನೀರು ಹೋಗುತ್ತಿತ್ತು, ಮೀನುಗಾರನ ಮರಿಗಳು ಹೋಗುತ್ತಿದ್ದವು, ವ್ಯಾಪಾರಿಯ ದಾರಿ ಹೋಗುತ್ತಿತ್ತು. ಅವಳ ತೋಟದ ಹೆಸರು ಹೇಳಿದರೆ ತಂತಮ್ಮದರ ಹೆಸರು ಹೇಳಬೇಕಾಗಿರಲಿಲ್ಲ. ಮೂವರ ಮರುಕವೂ ನಿಜ, ಮೂವರ ಕಲ್ಲೂ ಆ ಮರುಕದ ಹಿಂದೆಯೇ ಇತ್ತು. ಮೇಷ್ಟ್ರು ಕತೆಯನ್ನು ಅಲ್ಲಿಗೇ ನಿಲ್ಲಿಸಿ, ಇನ್ನೂ ನಿಂತೇ ಇದ್ದ ದಾಕ್ಷಾಯಣಿಗೆ, “ನಿನ್ನ ಒಂದು ಗೇಣೂ ಆ ಕಲ್ಲುಗಳ ಜೊತೆಗೇ ಇದೆ, ಈಗ ಕೂರು,” ಎಂದರು.